ಸುಡಬೇಕಾದ ಚೀಲ

ಬಹಳ ಹಿಂದೆ, ಒಂದು ಸೇರು ಕಾಳುಮೆಣಸಿಗೆ ಒಂದು ಕುದುರೆ ಸಿಗುತ್ತಿದ್ದ ಕಾಲದಲ್ಲಿ, ಒಬ್ಬ ರಾಕ್ಷಸನಿದ್ದನಂತೆ. ಅವನು ಬಳ್ಳಿ ಮುಟ್ಟುತ್ತಿರಲಿಲ್ಲ, ಕಾಳು ಮುಟ್ಟುತ್ತಿರಲಿಲ್ಲ, ಬೆಲೆಯನ್ನು ಮಾತ್ರ ತಿನ್ನುತ್ತಿದ್ದ. ಕಣಜ ತುಂಬಿದ್ದರೂ ಊರು ಉಪವಾಸ. ಅವನ ಮುಖ ಕಂಡವರಿಲ್ಲ, ರಾಜನಿಗೂ ಹಿಡಿಯಲಾಗಲಿಲ್ಲ. ಕೊನೆಗೆ ಒಬ್ಬ ಮುದುಕಿ ಮೆಣಸಿನ ಹೊಗೆ ಹಾಕಿದಳು. ಕೆಮ್ಮು ತಡೆಯಲಾರದೆ ರಾಕ್ಷಸ ತಾನೇ ಬಾಯಿಬಿಟ್ಟ.

"ಅವ ಎಲ್ಲಿಯವ ಅಜ್ಜಿ?" ನೀಲಾಂಬಿಕೆ ಮೊರ ಆಡಿಸುತ್ತಲೇ ಕೇಳಿದಳು.

"ಕಡಲಾಚೆಯವ ಅಂತಾರಪ್ಪ. ನಾನೇನು ಅವನ ಮದುವೆಗೆ ಹೋಗಿದ್ನಾ?" ಎಂದಳು ವೀರಮ್ಮ, ಅವಳ ಗಂಡನ ಅಜ್ಜಿ. "ನಾಡಿದ್ದು ಪ್ರತಿಭಟನೆಯಲ್ಲಿ ಊರಿನ ದೃಷ್ಟಿ ತೆಗೀತೀಯಲ್ಲ, ಸರಿಯಾಗಿ ತೆಗಿ. ಬೆಲೆ ತಿನ್ನುವವ ಯಾರೇ ಇರ್ಲಿ, ನಿಜ ಅವನ ಬಾಯಿಂದಲೇ ಬರಬೇಕು. ಮಾತು ಕೊಡು."

ನೀಲಾಂಬಿಕೆ ಮಾತು ಕೊಟ್ಟಳು.

ಮೆಣಸಿನ ಬಳ್ಳಿ ಹಬ್ಬಿಸಿ ಎಂದು ಸಹಾಯಧನ ಕೊಟ್ಟದ್ದು ಸರ್ಕಾರ. ಬಳ್ಳಿ ಫಸಲಿಗೆ ಬರುವ ಹೊತ್ತಿಗೆ ಯಾವುದೋ ಒಪ್ಪಂದಕ್ಕೆ ಸಹಿ ಹಾಕಿದ್ದೂ ಅದೇ ಸರ್ಕಾರ. ಹೊರದೇಶದ ಮೆಣಸು ಅಗ್ಗದ ಸುಂಕದಲ್ಲಿ ಬಂದಿಳಿಯಿತು. ಅವಳ ಗಂಡ ಸೋಮನಾಥ ಮಂಗಳೂರಿನ ಬಂದರಿಗೆ ಹೋದ. ತನ್ನ ಮೆಣಸಿನ ಬೆಲೆ ಬೀಳಿಸಿದ ಮೆಣಸನ್ನೇ ಬೆನ್ನ ಮೇಲೆ ಹೊತ್ತು ಇಳಿಸುವ ಕೆಲಸ. ಬೆಲೆ ಏರಿದರೆ ಬರುತ್ತೇನೆ ಎಂದಿದ್ದ. ಮೊನ್ನೆ ಫೋನಿನಲ್ಲಿ ಅವನ ದನಿ ಬೇರೆಯೇ ಇತ್ತು.

"ಇಲ್ಲಿ ತುಂಬಿದ ಲಾರಿ ಘಾಟಿ ಹತ್ತಿ ನಮ್ಮ ಕಡೆಗೇ ಬರ್ತದೆ ಮಾರಾಯ್ತಿ. ಮೆಣಸು ಬೆಳೆಯೋ ಊರಿಗೆ ಮೆಣಸು! ಯಾರು ತಿಂತಾರೆ ಅದನ್ನ ಅಲ್ಲಿ?"

ಘಾಟಿಯ ಮೇಲಿನ ಜಯಪುರದಲ್ಲಿ, ವ್ಯಾಪಾರಿ ರಾಜಶೇಖರನ ಗೋದಾಮಿನಲ್ಲಿ ಅವಳು ಮೆಣಸು ಆರಿಸುತ್ತಿದ್ದಳು. ಅವನೇ ಬೆಳೆಗಾರರ ಸಂಘದ ಅಧ್ಯಕ್ಷ. ಹೊರದೇಶದ ಮೆಣಸನ್ನು ಘಾಟಿಯ ಕೆಳಗೇ ನಿಲ್ಲಿಸುತ್ತೇನೆ ಎಂದು ಶಪಥ ಮಾಡಿದವನು. ಅವನ ಚೀಲಗಳ ಮೇಲೆಲ್ಲ 'ಅಪ್ಪಟ ಮಲೆನಾಡು' ಎಂಬ ಹಸಿರು ಅಚ್ಚು.

ಗೋದಾಮಿನ ಹಿಂದೆ ಒಂದು ವಾರದಿಂದ ಪಪ್ಪಾಯಿ ಕೊಳೆಯುತ್ತಿತ್ತು. ಸಿಪ್ಪೆಯ ರಾಶಿ, ಅದರ ಮೇಲೆ ಕಪ್ಪಗೆ ನೊಣ, ಕೆಳಗೆ ಹರಿದು ಬರುವ ಹಳದಿ ಲೋಳೆ. ನಲ್ಲಿಗೆ ಹೋಗಬೇಕಾದರೆ ಅದನ್ನು ದಾಟಲೇಬೇಕು. ನೀಲಾಂಬಿಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಎಂತ ಗಬ್ಬು ಶೇಷಪ್ಪಣ್ಣ ಇದು?"

"ಅಧ್ಯಕ್ಷರ ಹಸುವಿಗಂತೆ," ಎಂದ ತೂಕ ಹಾಕುವ ಶೇಷಪ್ಪ. "ಹಣ್ಣು ತಿಂದು ಸಿಪ್ಪೆ ಬಿಡ್ತದೆ. ದೊಡ್ಡ ಮನೆ ಹಸು ಮಾರಾಯ್ತಿ, ನಮ್ಮ ನಿಮ್ಮ ಹಾಗಲ್ಲ."

ಪ್ರತಿಭಟನೆಯ ಹಿಂದಿನ ದಿನ ಸಂಜೆ ರಾಜಶೇಖರ ಅವಳನ್ನು ಕರೆದ. ಎದುರಿಗೆ ಬಾಯಿ ತೆರೆದ ಒಂದು ಚೀಲ.

"ನೀಲಾ, ಇದೇ ಹೊರದೇಶದ್ದು. ಲಾರಿ ತಡೆದು ಹಿಡಿದದ್ದು. ನಾಳೆ ಮೂರು ದಾರಿ ಕೂಡುವಲ್ಲಿ ಊರಿನ ದೃಷ್ಟಿ ತೆಗೆದು ಸುಡೋಣ. ವೀರಮ್ಮನ ಮನೆಯವಳು ನೀನು, ಮೊದಲೇ ಹೇಳಿದ ಹಾಗೆ ನಿನ್ನ ಕೈಯಲ್ಲೇ ಆಗ್ಬೇಕು. ಬಾಯಿ ಹೊಲಿದಿಡು. ಕೈ ಮಾತ್ರ ಹಾಕ್ಬೇಡ, ಹೊಲಸು ಮಾಲು."

ಅವಳು ಚೀಲವನ್ನು ಒಬ್ಬಳೇ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ನಡೆದಳು. ಹೊಲಿಗೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ನಲ್ಲಿಯ ಕೆಳಗೆ ಕೈ ಉಜ್ಜಿ ಉಜ್ಜಿ ತೊಳೆದಳು.

ಮರುದಿನ ಮೂರು ದಾರಿಯಲ್ಲೂ ಜನ. ಜೀಪಿನಿಂದ ಚೀಲ ಇಳಿಸಿದ ಇಬ್ಬರು ಗಂಡಾಳುಗಳು ಏದುಸಿರು ಬಿಟ್ಟರು. ರಾಜಶೇಖರ ಅತ್ತ ನೋಡಲಿಲ್ಲ. ಮೈಕ್ ಅವನ ಕೈಯಲ್ಲಿತ್ತು.

"ಒಪ್ಪಂದ ಹರೀರಿ! ಸುಂಕ ಹಾಕಿ! ಹೊಟ್ಟೆಪಾಡಿಗೆ ಊರು ಬಿಟ್ಟು ಹೋದ ನಮ್ಮವರನ್ನ ವಾಪಸ್ ಕೊಡಿ!"

ಚಪ್ಪಾಳೆ ಬಿತ್ತು. ಮೆಣಸು ಸುಡುವುದೆಂದರೆ ತಮಾಷೆಯೇ? ಎಲ್ಲರೂ ಮೂಗಿಗೆ ಟವೆಲ್ ಕಟ್ಟಿಕೊಂಡರು. ರಾಜಶೇಖರ ನಕ್ಕ.

"ಬಿಚ್ಚಿ ಮಾರಾಯ್ರೆ! ದೃಷ್ಟಿ ದೊಡ್ಡದಿದ್ದರೆ ಸುಟ್ಟರೂ ಘಾಟು ಬರೋದಿಲ್ಲ, ನಿಮ್ಮ ಮನೆ ಹೆಂಗಸರನ್ನ ಕೇಳಿ. ಇವತ್ತು ಒಂದು ಸೀನು ಬಂದರೆ ನನ್ನ ಹೆಸರು ಬದಲಿಸಿ!"

ಹೌದೆಂದು ಜನ ತಲೆಯಾಡಿಸಿದರು. ಒಲೆಗೆ ಹಾಕಿದ ಮೆಣಸಿನಿಂದ ಘಾಟು ಬರಲಿಲ್ಲವೆಂದರೆ ಕೆಟ್ಟ ಕಣ್ಣು ಗಟ್ಟಿಯೇ ಬಿದ್ದಿತ್ತು ಎನ್ನುವುದು ಇಲ್ಲಿ ಎಲ್ಲ ಮನೆಯಲ್ಲೂ ಗೊತ್ತು. ಟವೆಲ್‌ಗಳು ಬಿಚ್ಚಿಕೊಂಡವು. ನೀಲಾಂಬಿಕೆಯ ಸೆರಗು ಮಾತ್ರ ಮೂಗಿನ ಮೇಲೇ ಇತ್ತು.

ಅವಳು ಉರಿಯುವ ದೊಂದಿ ಹಿಡಿದು ಚೀಲವನ್ನು ಸುತ್ತಿದಳು. "ಊರ ಕಣ್ಣು, ನೆರೆಯ ಕಣ್ಣು, ಹೋಗುವವರ ಕಣ್ಣು, ಬರುವವರ ಕಣ್ಣು…"

"ಕಡಲಾಚೆ ಕಣ್ಣು ಅನ್ನು," ರಾಜಶೇಖರ ಪಿಸುಗುಟ್ಟಿದ.

"ಮನೆಯೊಳಗಿನ ಕಣ್ಣು," ಎಂದು ಮುಗಿಸಿ ಅವಳು ಬೆಂಕಿ ಇಟ್ಟಳು. ಚೀಲಕ್ಕೆ ಸುರಿದಿದ್ದ ಸೀಮೆಎಣ್ಣೆ ಭಗ್ಗೆಂದಿತು.

ಫೋನುಗಳು ಮೇಲೆದ್ದವು. ಫೋಟೋ ಚೆನ್ನಾಗಿ ಬರಲೆಂದು ರಾಜಶೇಖರ ಹೊಗೆಗೆ ಮುಖ ಕೊಟ್ಟು, ಎದೆಯುಬ್ಬಿಸಿ, ಉದ್ದಕ್ಕೆ ಉಸಿರೆಳೆದುಕೊಂಡ.

ಮೊದಲು ಸೀನಿದ್ದು ಹೂ ಮಾರುವವಳು. ಆಮೇಲೆ ನಿಂತ ಬಸ್ಸಿನ ಕಂಡಕ್ಟರ್. ಆಮೇಲೆ ಮೂರು ದಾರಿಯೂ ಒಟ್ಟಿಗೆ ಕೆಮ್ಮಿತು. ರಾಜಶೇಖರನ ಕಣ್ಣು ಮೂಗು ಒಂದಾಗಿ ಸುರಿಯಿತು. ಉಸಿರು ಸಿಗದೆ ಅವನು ಮಂಡಿಯೂರಿದ. ಕೈಯಲ್ಲಿ ಮೈಕ್ ಇದೆಯೆಂಬುದು ಅವನಿಗೆ ನೆನಪಿರಲಿಲ್ಲ.

"ಯಾವನೋ… ಯಾವನೋ ಇದರೊಳಗೆ ಮೆಣಸು ಹಾಕಿದ್ದು!"

ಮೂರು ದಾರಿಗೂ ಕೇಳಿಸಿತು.

ದೃಷ್ಟಿ ತೆಗೆದವರು ತಿರುಗಿ ನೋಡಬಾರದು, ನೀಲಾಂಬಿಕೆ ನೋಡಲಿಲ್ಲ. ಅಜ್ಜಿಗೆ ಕೊಟ್ಟ ಮಾತು ತೀರಿತ್ತು: ಅವನು 'ಅಪ್ಪಟ ಮಲೆನಾಡು' ಚೀಲದಲ್ಲಿ ಅಡಗಿಸಿಟ್ಟಿದ್ದ ಹಡಗಿನ ಮೆಣಸು ಬೀದಿಯಲ್ಲಿ ಉರಿಯುತ್ತಿತ್ತು, ಸುಡಲೆಂದು ಅವನು ಕೊಟ್ಟಿದ್ದ, ಥೇಟ್ ಕಾಳುಮೆಣಸಿನಂತೆ ಕಾಣುವ ಒಣ ಪಪ್ಪಾಯಿ ಬೀಜ ಗೋದಾಮಿನಲ್ಲಿ, ಅದೇ ಹಸಿರು ಅಚ್ಚಿನ ಚೀಲದೊಳಗೆ, ಭದ್ರವಾಗಿ ಹೊಲಿಸಿಕೊಂಡು ಕೂತಿತ್ತು.