ಗೌಜಲಕ್ಕಿಯ ಕೂಗು

ಕೂದಲೆಣ್ಣೆ ಮಾರಲು ದೂರದೇಶಕ್ಕೆ ಹೋಗಿದ್ದ ಹಕ್ಕಿಪಿಕ್ಕಿ ಗಂಡ ಹೆಂಡತಿ, ಅಲ್ಲಿ ಯುದ್ಧ ಶುರುವಾಗಿ ಬಾಡಿಗೆ ಕೋಣೆಯಲ್ಲೇ ಸಿಕ್ಕಿಬಿದ್ದರು. ಕುಡಿಯುವ ನೀರು ಮುಗಿಯಿತು. ಅವನು ಕ್ಯಾನು ಹಿಡಿದು ಎದ್ದು ಹೆಂಡತಿಗೆ ಹೇಳಿದ.

"ಮೈಸೂರಿ, ಯಾರು ಬಾಗಿಲು ಬಡಿದ್ರೂ ತೆಗೀಬೇಡ. ನಾನು ಬಂದು ಗೌಜಲಕ್ಕಿ ಥರ ಕೂಗ್ತೀನಿ, ಆಗ ತೆಗಿ. ಗುಂಡಿನ ಸದ್ದಿಗೆ ಇಲ್ಲಿನ ಹಕ್ಕಿಗಳೆಲ್ಲ ಹಾರಿಹೋಗಿವೆ. ಕೂಗು ಕೇಳಿದ್ರೆ ಅದು ನಾನೇ."

"ಕಾಡಿನ ಹಕ್ಕಿಗಳನ್ನೇ ಮರುಳು ಮಾಡಿದ ಕೂಗು. ನನಗೆ ಗುರುತು ಸಿಗಲ್ವಾ?" ಅಂತ ಅವಳು ನಕ್ಕಳು.

ಅವನು ಹೋದ ಸ್ವಲ್ಪ ಹೊತ್ತಿಗೆ ಹೊರಗೆ ಗುಂಡುಗಳು ಹಾರಿದವು. ಆಮೇಲೆ ಎಲ್ಲ ಸ್ತಬ್ಧ. ಅವಳು ಬಾಗಿಲಿಗೆ ಕಿವಿಯಿಟ್ಟು ಕೂತಳು.

ಮಧ್ಯಾಹ್ನ ಗೌಜಲಕ್ಕಿ ಕೂಗಿತು.

"ಎಷ್ಟೊತ್ತು ಮಾಡ್ದೆ!" ಎನ್ನುತ್ತಾ ಓಡಿಹೋಗಿ ಚಿಲಕ ತೆಗೆದಳು.

ಬೀದಿಯಲ್ಲಿ ಉರುಳಿಬಿದ್ದಿದ್ದ ಅವನ ಕ್ಯಾನಿನಿಂದ ಸೋರಿದ ನೀರು ಕುಡಿದು, ನಿಜವಾದ ಗೌಜಲಕ್ಕಿಯೊಂದು ಕೂಗುತ್ತಿತ್ತು.