ಒಟ್ಟು ಹಾಡುಗಳು: ಸೊನ್ನೆ

ಕಂಪ್ಯೂಟರಿಗೆ ಹೊಸದಾಗಿ ಹಾಕಿದ ಮ್ಯೂಸಿಕ್ ಸರ್ವರ್ ಮೂರನೇ ಸಲವೂ ಅದನ್ನೇ ತೋರಿಸಿತು. ಒಟ್ಟು ಹಾಡುಗಳು: ಸೊನ್ನೆ. ಹೆಂಡತಿ ಹಾಡಿ ರೆಕಾರ್ಡ್ ಮಾಡಿಟ್ಟಿದ್ದೆಲ್ಲ ಅವಳ ಹುಟ್ಟುಹಬ್ಬದ ಹೊತ್ತಿಗೆ ಮನೆಯ ಪ್ರತಿ ಕೋಣೆಯಲ್ಲೂ ಕೇಳಿಸಬೇಕೆಂದು ಅವನು ಬೆಳಗಿನಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹಾಡುಗಳು ಎಲ್ಲಿವೆ ಎಂದು ಸರ್ವರಿಗೆ ತಿಳಿಸುವ ಕಾನ್ಫಿಗ್ ಫೈಲಿನಲ್ಲಿ ಬರೆದ ಫೋಲ್ಡರಿನ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದ. ಸರಿಯಾಗೇ ಇತ್ತು. ಸರ್ವರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ. ಸೊನ್ನೆ.

“ದರಿದ್ರದ್ದು, ನಿನ್ನ ಹಾಡು ಒಂದೂ ಕಾಣಿಸ್ತಿಲ್ಲ ಇದಕ್ಕೆ!”

ಬಟ್ಟೆ ಮಡಚುತ್ತಿದ್ದ ಅವಳು ತಲೆ ಎತ್ತಲಿಲ್ಲ. “ಅದನ್ಯಾಕೆ ಬೈತೀರಿ? ಹೋದ ವರ್ಷ ಜಾಗ ಸಾಲ್ತಿಲ್ಲ, ಬೇಡದ್ದೆಲ್ಲ ಅಳಿಸ್ತೀನಿ ಅಂತ ಕೂತಿದ್ರಲ್ಲ, ಮೊದಲು ಖಾಲಿ ಮಾಡಿದ್ದೇ ನನ್ನ ಹಾಡಿನ ಫೋಲ್ಡರನ್ನ.”

“ಆಗಲೇ ಹೇಳೋಕೇನಾಗಿತ್ತು?”

“ಒಳಗೇನಿದೆ ಅಂತ ಒಂದು ಸಲ ತೆಗೆದು ನೋಡ್ತೀರೇನೋ ಅಂತ ಪಕ್ಕದಲ್ಲೇ ಕಾಯ್ತಾ ನಿಂತಿದ್ದೆ.”