ಮಾಸ್ತರರ ಮುಂದೆ ಒಂದು ಅಳು

ನಿರ್ದೇಶಕ "ಕಟ್" ಎಂದು ಕೂಗುವ ಮೊದಲೇ ಶಿವರಂಜನಿ ಸೆಟ್ಟು ಬಿಟ್ಟು ಓಡಿದಳು.

ಬೆಟಗೇರಿಯ ಓಣಿಯಲ್ಲಿ ಹಾಸ್ಯ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ದೃಶ್ಯದ ನಡುವೆ ಮೊಬೈಲ್ ನೋಡಬಾರದು. ನೋಡಿದಳು. ತನ್ನೂರು ಶಿಗ್ಲಿಯಿಂದ ಒಂದು ಫೋಟೊ ಬಂದಿತ್ತು, ಜೊತೆಗೆ ಒಂದಕ್ಷರವೂ ಇರಲಿಲ್ಲ. ಕಳಕಪ್ಪ ಕಾಕಾ ಗೋಡೆಗೆ ಒರಗಿ ಕುಳಿತಿದ್ದ. ತಲೆಗೆ ಹೊಸ ಪಟಗ, ಹಣೆ ತುಂಬ ವಿಭೂತಿ, ಗದ್ದದವರೆಗೆ ಹೂವಿನ ಹಾರ. ಕಣ್ಣು ಮುಚ್ಚಿದ್ದವು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೇ ಶೃಂಗಾರ ಮಾಡಿ ಕೂಡಿಸುತ್ತಾರೆ. ಫೋನ್ ಮಾಡಿದರೆ ಒಬ್ಬರೂ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಯಾರು ಎತ್ತುತ್ತಾರೆ?

"ಸುಭಾಷಣ್ಣಾ, ಗಾಡಿ ತಗೀರಿ. ನಮ್ಮ ಕಾಕಾ ಹೋಗಿಬಿಟ್ಟ!"

ಡ್ರೈವರ್ ಸುಭಾಷ ಅವಳ ಮುಖ ನೋಡಿ, ನಗಲಾರದೆ ಕೆಮ್ಮಿದ. ತಪ್ಪು ಅವನದಲ್ಲ. ಜಗಳಗಂಟಿ ಅತ್ತೆಯ ವೇಷ ಇನ್ನೂ ಮೈಮೇಲೆಯೇ ಇತ್ತು. ತಟ್ಟೆಯಗಲದ ನತ್ತು, ಕಪ್ಪು ಬಳಿದ ಎರಡು ಹಲ್ಲು, ಹುಬ್ಬಿನ ಮೇಲೆ ಇನ್ನೊಂದು ಹುಬ್ಬು.

ಇಪ್ಪತ್ತು ವರ್ಷದಿಂದ ಅವಳ ಹಣೆಬರಹ ಇದೇ. ಸಿನಿಮಾದಲ್ಲಿ ನಾಯಕಿಯ ದಡ್ಡ ಗೆಳತಿ, ಟಿವಿಯಲ್ಲಿ ಬಜಾರಿ ಅತ್ತೆ. ಹಲ್ಲುನೋವೆಂದು ದವಾಖಾನೆಗೆ ಹೋದರೂ ಡಾಕ್ಟರು ಮೊದಲು ನಕ್ಕು ಆಮೇಲೆ ಬಾಯಿ ನೋಡುತ್ತಿದ್ದರು. ನಗದವನು ಕಾಕಾ ಒಬ್ಬನೇ. ನಾಟಕ ಕಂಪನಿಯ ಮಾಸ್ತರ, ಅವಳಿಗೆ ಬಣ್ಣ ಹಚ್ಚಲು ಕಲಿಸಿದವ. ಪ್ರತಿ ಸಲ ಊರಿಗೆ ಹೋದಾಗಲೂ ಅದೇ ಮಾತು.

"ನಗಸಾವ್ರು ಬೇಕಾದಷ್ಟು ಮಂದಿ ಅದಾರ. ಒಮ್ಮೆರ ನನ್ನ ಕಣ್ಣಾಗ ನೀರು ತರಸು. ಆವಾಗ ನಿನ್ನ ನಟಿ ಅಂತೀನಿ."

ಆ ಒಂದು ಮಾತಿಗಾಗಿ ಜೀವ ಹಿಡಿದುಕೊಂಡು ಕಾದಿದ್ದಳು. ಇನ್ನು ಯಾರ ಕಣ್ಣಲ್ಲಿ ನೀರು ತರಿಸುವುದು? ಲಕ್ಷ್ಮೇಶ್ವರ ದಾಟಿದರೂ ಅವಳ ಬಿಕ್ಕು ನಿಲ್ಲಲಿಲ್ಲ.

ಶಿಗ್ಲಿಯ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಭಜನೆಯವರು ತಾಳ ಕುಟ್ಟುತ್ತಿದ್ದರು. ಊರಿಗೆ ಊರೇ ಕೂತಿತ್ತು. ಕಾಕಾ ಫೋಟೊದಲ್ಲಿದ್ದಂತೆಯೇ ಕಣ್ಣು ಮುಚ್ಚಿ ಕುಳಿತಿದ್ದ. ಆದರೆ ಒಬ್ಬರ ಮುಖದಲ್ಲೂ ದುಃಖವಿಲ್ಲ! ಸೊಸೆ ಶೇಖವ್ವ ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ನಿಂತಿದ್ದಳು. ಮಾವನ ಕಾಟ ತಪ್ಪಿದ್ದಕ್ಕೆ ಇಷ್ಟು ಸಂಭ್ರಮವೇ? ಶಿವರಂಜನಿಗೆ ಮೈಯೆಲ್ಲ ಉರಿಯಿತು.

ನೇರ ಹೋಗಿ ಕಾಕಾನ ಪಾದದ ಮುಂದೆ ಬಿದ್ದು, ಹಾಡ್ಯಾಡಿಕೊಂಡು ಅಳತೊಡಗಿದಳು.

"ನನ್ನ ಬಿಟ್ಟು ಎಲ್ಲಿಗೆ ಹೋದ್ಯೋ ನಮ್ಮಪ್ಪಾ! ಮಾತು ಮರತ್ರ ತಾಳಾ ತಗೊಂಡು ಒಗೀತಿದ್ದಿ, ಇನ್ನ ನನಗ ಯಾರು ಒಗೀತಾರೋ ನಮ್ಮಪ್ಪಾ!"

ಪೆಂಡಾಲು ಗೊಳ್ಳೆಂದು ನಕ್ಕಿತು.

ಅವಳು ಎದೆ ಬಡಿದುಕೊಂಡಳು. ನತ್ತು ಕಳಚಿ ಬಿತ್ತು. ಹಲ್ಲಿನ ಕಪ್ಪು ಗದ್ದಕ್ಕೆ ಇಳಿಯಿತು. ಯಾರೋ ಸಿಳ್ಳೆ ಹೊಡೆದರು. ಮತ್ತ್ಯಾರೋ "ಒನ್ಸ್ ಮೋರ್!" ಎಂದರು. ಶೇಖವ್ವ ಹೊಟ್ಟೆ ಹಿಡಿದುಕೊಂಡೇ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು.

ಶಿವರಂಜನಿಯ ದನಿ ಸಣ್ಣದಾಯಿತು. "ಕಾಕಾ, ನೀ ಒಬ್ಬಾಂವ ನಗಲಿಲ್ಲಂತ ನಿನ್ನ ಮ್ಯಾಲ ಭಾಳ ಸಿಟ್ಟಿತ್ತು ನನಗ. ಖರೆ ಹೇಳ್ತೀನಿ, ನನಗೂ ಅಳು ಬರತೈತಿ ಅಂತ ನಂಬಿದಾಂವ ನೀ ಒಬ್ಬಾಂವನ."

ಹಿಂದೆ ಮತ್ತೆ ನಗೆ. ಅವಳಿಗೆ ತಡೆಯಲಾಗಲಿಲ್ಲ. ಎದ್ದು, ಸೊಂಟಕ್ಕೆ ಸೆರಗು ಸಿಗಿಸಿ ಜನರ ಕಡೆ ತಿರುಗಿದಳು.

"ಹೆಣದ ಮುಂದ ಕುಂತು ಹಲ್ಲು ಕಿಸೀತೀರಲ್ಲಾ, ನಾಚಿಕಿ ಬರೂದಿಲ್ಲೇನು ನಿಮಗ?"

ಹಾರ್ಮೋನಿಯಂ ಬಾರಿಸುತ್ತಿದ್ದ ಸಕ್ರಪ್ಪ ನಕ್ಕು ನಕ್ಕು ಪೆಟ್ಟಿಗೆಯ ಮೇಲೆಯೇ ಬೋರಲು ಬಿದ್ದ.

"ಏ, ಸುಮ್ಮ ಕುಂಡ್ರಿ ಎಲ್ಲಾರೂ! ನನ್ನ ಸತ್ಕಾರ ಸಮಾರಂಭ ನಾಳೆ ಮಾಡಿದರೂ ನಡೀತೈತಿ," ಬೆನ್ನ ಹಿಂದಿನಿಂದ ಕಳಕಪ್ಪ ಮಾಸ್ತರ, ಭಜನೆಗೆಂದು ಮುಚ್ಚಿದ್ದ ಕಣ್ಣು ತೆರೆದು, ಪಟಗದ ತುದಿಯಿಂದ ನೀರು ಒರೆಸಿಕೊಳ್ಳುತ್ತ ಗದರಿದ, "ನಮ್ಮ ನಟೀದು ಅಳು ಇನ್ನೂ ಮುಗದಿಲ್ಲ!"